ಲೀಚಿ ಹಣ್ಣಾಗುವ ತನಕ

ಮೊನ್ನೆ ಸಂಜೆ ಶಾಲೆ ಬಿಟ್ಟು ಬರುವಾಗ ಸೇಡಂ ಬಸ್‌ಸ್ಟ್ಯಾಂಡಿನ ಎದುರಿನ ಹಣ್ಣಿನ ಗಾಡಿಯಲ್ಲಿ, ಮಾವಿನ ರಾಶಿಯ ಪಕ್ಕ, ಕೆಂಪು ಗೊಂಚಲುಗಳು ಕಂಡವು. ನಮ್ಮ ಸೇಡಮ್ಮಿಗೂ ಲೀಚಿ ಬಂದಿದೆ. ಬಿಸಿಲಿಗೆ ಅರ್ಧ ಹಣ್ಣು ಕಪ್ಪಾಗಿ, ಸಿಹಿ ಕಳೆದುಕೊಂಡು ಹೆಂಡದ ಹತ್ತಿರಕ್ಕೆ ಹೋಗುವ ಒಂದು ವಾಸನೆ ಬರುತ್ತಿತ್ತು. ಜನ ಮೂಗು ಮುರಿದು ಮಾವಿನ ಕಡೆಗೆ ಸರಿಯುತ್ತಿದ್ದರು. ನಾನು ಅಲ್ಲೇ ನಿಂತೆ. ಗಾಡಿಯವನು, “ಡೆಹ್ರಾಡೂನ್ ಮಾಲ್ ಅದರಿ ಮೇಡಂ, ಅಸಲಿ” ಎಂದ. ಎಲ್ಲಿಯ ಮಾಲೋ ಏನೋ, ಆ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಂಡಿಲ್ಲ. ಮನುಷ್ಯರ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ಕೊನೆಯಿರುತ್ತದೆ. ಅವರಿಗೂ ತಲೆ ಹಣ್ಣಾಗುತ್ತದೆ, ಮಂಡಿ ನೋಯುತ್ತದೆ, ಬಾಯಿ ಜೋರಿನ ಸೊಸೆ ಸಿಗುತ್ತಾಳೆ, ನಮಗೆ ಸಮಾಧಾನವಾಗುತ್ತದೆ. ನನ್ನದು ಒಂದು ಊರಿನ ಮೇಲಿನ ಹೊಟ್ಟೆಕಿಚ್ಚು. ಊರಿಗೆ ಏನಾಗುತ್ತದೆ? ಬೆಟ್ಟ ಅಲ್ಲೇ ಇರುತ್ತದೆ, ಗಾಳಿ ಬೀಸುತ್ತಲೇ ಇರುತ್ತದೆ.

ಕೆಲವು ವರ್ಷಗಳ ಹಿಂದೆ, ನಾನಿನ್ನೂ ವಾಡಿಯ ಶಾಲೆಯಲ್ಲಿ ಕಲಿಸುತ್ತಿದ್ದಾಗ, ಒಂದು ದಸರೆಯಿಂದ ಮುಂದಿನ ಮಳೆಗಾಲದವರೆಗೆ ನಡೆದದ್ದು ಇದು. ನಮ್ಮ ಮನೆಯವರು ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ವಿಭಾಗದಲ್ಲಿದ್ದರು. ಪಾಳಿ ಮುಗಿಸಿ ಬಂದರೆ ಅವರ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಬೂದಿ ಬಣ್ಣ. ನನ್ನ ತಂಗಿ ಸುವರ್ಣಾ ಹಳಿಯ ಆಚೆ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಳು. ಅವಳ ಗಂಡ ಶಿವಶರಣಪ್ಪ ಸಿಗ್ನಲ್ ರಿಪೇರಿ ಮಾಡುವವನು. ಅಪ್ಪ ತೀರಿಕೊಂಡ ಮೇಲೆ ದಂಡೋತಿಯ ಹೊಲವನ್ನು ಪಾಲಿಗೆ ಕೊಟ್ಟು ಅವ್ವ ನನ್ನ ಮನೆಗೆ ಬಂದಿದ್ದಳು.

ನನ್ನ ಮನೆಗೆ ಬಂದಿದ್ದಳು ಎನ್ನುವುದು ಮುಖ್ಯ. ಚಿಕ್ಕವರಿದ್ದಾಗ ಕಾಗಿಣಾ ನದಿಗೆ ಬಟ್ಟೆ ಒಗೆಯಲು ಹೋಗುವಾಗ ಅವ್ವನ ಸೊಂಟದ ಮೇಲೆ ಸುವರ್ಣಾ ಇರುತ್ತಿದ್ದಳು, ತಲೆಯ ಮೇಲೆ ಗಂಟು ಇರುತ್ತಿತ್ತು, ನಾನು ಸಾಬೂನಿನ ಡಬ್ಬಿ ಹಿಡಿದು ಹಿಂದೆ ನಡೆಯುತ್ತಿದ್ದೆ. ಬಣ್ಣ ಅವಳಿಗೆ, ಉದ್ದ ಕೂದಲು ಅವಳಿಗೆ, ರೈಲ್ವೆ ನೌಕರಿಯ ಗಂಡನೂ ಅವಳಿಗೆ. ಆದರೆ ಅವ್ವ ತನ್ನ ಟ್ರಂಕು ತಂದಿಟ್ಟದ್ದು ನನ್ನ ಮನೆಯಲ್ಲಿ. ಬೆಳಿಗ್ಗೆ ಅವ್ವ ಬಡಿದ ಬಿಸಿ ರೊಟ್ಟಿ ತಿಂದು ಶಾಲೆಗೆ ಹೋಗುವಾಗ, ಒಂದು ವಿಷಯದಲ್ಲಾದರೂ ನಾನು ಗೆದ್ದಿದ್ದೇನೆ ಅನ್ನಿಸುತ್ತಿತ್ತು.

ರೈಲ್ವೆಯಲ್ಲಿ ಒಂದು ಪದ್ಧತಿಯಿದೆ. ಒಂದೇ ದರ್ಜೆಯ ಇಬ್ಬರು ನೌಕರರು ಒಪ್ಪಿಕೊಂಡರೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ಹೋಗಬಹುದು. ತಾಂಡೂರಿನವನೊಬ್ಬ ಡೆಹ್ರಾಡೂನಿನಲ್ಲಿ ಕುಳಿತು, ತನ್ನ ಊರಿನ ಹತ್ತಿರದ ಜಾಗದವನು ಯಾರಾದರೂ ಸಿಕ್ಕಾನೇ ಎಂದು ಹುಡುಕುತ್ತಿದ್ದನಂತೆ. ಅವನಿಗೆ ಶಿವಶರಣಪ್ಪ ಸಿಕ್ಕ. ವಾಡಿಗೆ ಬರುವುದಕ್ಕಾಗಿ ಡೆಹ್ರಾಡೂನನ್ನು ಬಿಡುವ ಮನುಷ್ಯ ಈ ಭೂಮಿಯ ಮೇಲೆ ಇದ್ದಾನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ನಮ್ಮ ಮನೆಯವರ ಫ್ಯಾಕ್ಟರಿಯಲ್ಲಿ ಇಂಥ ಪದ್ಧತಿ ಇದೆಯೇ ಎಂದು ಅವತ್ತೇ ಕೇಳಿದೆ. “ಅದ. ಈ ಪಾಳಿಯಿಂದ ಆ ಪಾಳಿಗಿ” ಎಂದರು.

ದಸರೆ ಮುಗಿಸಿಕೊಂಡು ಸುವರ್ಣಾ ಹೋದಳು. ದೀಪಾವಳಿಯೊಳಗೆ ಫೋನಿನಲ್ಲಿ ಕಾರಣಗಳು ಶುರುವಾದವು. ನಾವು ವಾಡಿ ಬಿಟ್ಟು ಅಲ್ಲಿಗೆ ಯಾಕೆ ಬರಬೇಕು ಎಂಬುದಕ್ಕೆ ದಿನಕ್ಕೊಂದು ಕಾರಣ. ಮೊದಲನೆಯದು ನೀರು. ಅಲ್ಲಿಯ ನೀರು ಕುಡಿದರೆ ಸಕ್ಕರೆ ಹಾಕಿದ ಹಾಗಂತೆ, ತೊಗರಿಬೇಳೆ ಒಂದೇ ಸೀಟಿಗೆ ಕರಗಿ ಹೋಗುತ್ತದಂತೆ. ನಮ್ಮ ವಾಡಿಯಲ್ಲಿ ಸುಣ್ಣದ ಕಲ್ಲಿನೊಳಗಿಂದ ಬರುವ ನೀರು. ಪಾತ್ರೆಯ ತಳಕ್ಕೆ ಬಿಳಿ ಪದರು ಕಟ್ಟುತ್ತದೆ, ಬೇಳೆ ಕುಕ್ಕರಿನಲ್ಲಿ ಎಷ್ಟು ಕೂಗಿದರೂ ಹಟ ಬಿಡುವುದಿಲ್ಲ. ಬೇಳೆ ಅಂದರೆ ಹಲ್ಲಿಗೆ ಸಿಗಬೇಕು, ಇಲ್ಲದಿದ್ದರೆ ಅದೆಂಥ ಬೇಳೆ ಎಂದು ನಾನು ಉತ್ತರ ಕೊಟ್ಟೆ. ಮರುದಿನದ ಕಾರಣ ಬಟ್ಟೆ: ಒಣಹಾಕಿದ ಬಿಳಿ ಬಟ್ಟೆ ಬಿಳಿಯಾಗಿಯೇ ಇರುತ್ತದಂತೆ. ಅದರ ಮರುದಿನ ನಿದ್ದೆ. ಅದರ ಮರುದಿನ ಅವಳ ಮಗಳ ಕೆನ್ನೆಯ ಬಣ್ಣ. ಆಮೇಲೆ ಕಿಟಕಿ.

“ಯಕ್ಕಾ, ಕಿಡಕಿ ತಗದ್ರ ಎದುರಿಗೇ ಗುಡ್ಡ ಅದ ನೋಡು. ಹಸರು ಅಂದ್ರ ಹಸರು. ಒಂದ್ ಸಲ ಬಂದು ನೋಡಬಾರದೇನು?” ಎಂದಳು.

ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಫ್ಯಾಕ್ಟರಿಯ ಚಿಮಣಿ. ಅದೂ ಎತ್ತರವೇ. ಫೋನಿಟ್ಟು ಆ ಚಿಮಣಿಯನ್ನು ನೋಡುತ್ತ ನಿಂತಾಗ ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸುವರ್ಣಾಗೆ ಬೆಟ್ಟ ಸಿಕ್ಕದ್ದಕ್ಕೆ ಅಷ್ಟೇ ಅಲ್ಲ, ಅದು ಸಿಕ್ಕಿದೆ ಎಂದು ಅವಳು ಇಷ್ಟು ಸಹಜವಾಗಿ ಹೇಳುತ್ತಿದ್ದಳಲ್ಲ, ಅದಕ್ಕೆ. ಆ ದನಿಯಲ್ಲಿ ಜಂಬವೇ ಇರಲಿಲ್ಲ. ಜಂಬವಿದ್ದರೆ ಬೈಯಬಹುದಿತ್ತು.

ಆ ವಾರವೇ ನಮ್ಮ ಮನೆಯವರಿಗೆ ಗಂಟುಬಿದ್ದು ಚಿಂಚೋಳಿಗೆ ಕರೆದುಕೊಂಡು ಹೋದೆ. ಅವ್ವನೂ ಬಂದಳು. ನಮ್ಮ ಜಿಲ್ಲೆಗೆ ಬೆಟ್ಟ, ಕಾಡು, ಕೆರೆ ಅಂತ ದೇವರು ಕೊಟ್ಟದ್ದನ್ನೆಲ್ಲ ಚಿಂಚೋಳಿಯ ಕಡೆಗೇ ಗುಡ್ಡೆ ಹಾಕಿದ್ದಾನೆ. ಮಳೆ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ಗುಡ್ಡ ಇನ್ನೂ ಹಸಿರಿತ್ತು, ಚಂದ್ರಂಪಳ್ಳಿಯ ಕೆರೆ ತುಂಬಿತ್ತು. ಜರಿಯ ಸೀರೆ ಉಟ್ಟುಕೊಂಡು ಹೋಗಿದ್ದೆ. ನೀರಿನ ಮುಂದೆ, ಗುಡ್ಡದ ಮುಂದೆ, ಮರದ ಕೆಳಗೆ ಫೋಟೊ ತೆಗೆಸಿಕೊಂಡೆ. ಚಿಮಣಿ ಇಲ್ಲದ, ಧೂಳಿಲ್ಲದ ಫೋಟೊ ಆರಿಸಿ ಸುವರ್ಣಾಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಭಾಳ ಛಂದ ಬಂದದ ಯಕ್ಕಾ. ನಮ್ಮ ಮನಿ ಹಿಂದ ಬರಾಬರಿ ಹಿಂಗೇ ಅದ.”

ಅವ್ವ ಮಾತ್ರ ಚಿಂಚೋಳಿಯಲ್ಲಿ ಗುಡ್ಡ ನೋಡಲಿಲ್ಲ. ಕೆರೆಯ ಏರಿ ಹತ್ತುವಾಗ ನಡುವೆ ಎರಡು ಕಡೆ ಕುಳಿತಳು. ಕಾಲು ನೋವು ಎಂದಳು. ಕಾಲಲ್ಲ, ಎದೆ ಎಂದು ನನಗೆ ಗೊತ್ತಿತ್ತು. ಅವ್ವನಿಗೆ ದಮ್ಮು ಹಳೆಯದು. ಉಸಿರು ಬಿಟ್ಟಾಗ ಎದೆಯೊಳಗೆ ಸಣ್ಣ ಸೀಟಿಯಂಥ ಸಪ್ಪಳ. ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ನಾನು ಆ ಸಪ್ಪಳಕ್ಕೆ ಕಿವಿ ಕೊಡುತ್ತಿದ್ದೆ. ಅದು ಸಣ್ಣಗಿದ್ದರೆ ನಿಶ್ಚಿಂತೆಯಿಂದ ಶಾಲೆಗೆ ಹೋಗುತ್ತಿದ್ದೆ, ಜೋರಾಗಿದ್ದರೆ ರಜೆ ಹಾಕುತ್ತಿದ್ದೆ.

ಎಳ್ಳ ಅಮಾವಾಸ್ಯೆಗೆ ದಂಡೋತಿಯ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದೆವು. ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ತೊಗರಿಯ ರಾಶಿ ಮಾಡುವಾಗ ತಾನು ಇರಲೇಬೇಕೆಂದು ಅವ್ವ ಹಟ ಹಿಡಿದಳು. ಮಷಿನ್ನಿನಿಂದ ಹಾರುವ ತೊಗರಿಯ ಹೊಟ್ಟು ಎಂಥದ್ದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ವಾಡಿಯ ಚಳಿಗಾಲದ ಧೂಳು, ನೆಲ ಬಿಟ್ಟು ಏಳದೆ ಮನೆಮನೆಗೆ ಹೊಗುವಂಥದ್ದು. ಕಲಬುರಗಿಯ ಡಾಕ್ಟರು ಔಷಧಿ ಬದಲಿಸಿದರು, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಕೊಟ್ಟರು, ಕೊನೆಗೆ ಈ ಬೇಸಗೆಯನ್ನಾದರೂ ಧೂಳಿಲ್ಲದ ಜಾಗದಲ್ಲಿ ಕಳೆಯಲಿ ಎಂದರು. ಶಹಾಬಾದಿನಲ್ಲಿ ಧೂಳಿಲ್ಲವೇ, ಚಿತ್ತಾಪುರದಲ್ಲಿ, ಸೇಡಮ್ಮಿನಲ್ಲಿ? ನಮಗೆ ಇರುವ ನೆಂಟರ ಊರುಗಳೆಲ್ಲ ಒಂದೋ ಕಲ್ಲು ಕಡಿಯುವವು, ಇಲ್ಲವೇ ಕಲ್ಲು ಸುಡುವವು.

ಈ ಸುದ್ದಿ ಕೇಳಿದಾಗ ಸುವರ್ಣಾ ಕಾರಣ ಹೇಳಲಿಲ್ಲ. “ಅವ್ವನ್ನ ಇಲ್ಲಿಗಿ ಕರಕೊಂಡು ಬಾ ಯಕ್ಕಾ” ಎಂದಳು, ಅಷ್ಟೇ.

ನಾನು ಫೋನಿಟ್ಟೆ. ಅವಳಿಗೆ ಬೆಟ್ಟ, ನನಗೆ ಅವ್ವ ಎಂಬ ಹಂಚಿಕೆ ಇಷ್ಟು ದಿನ ನನ್ನನ್ನು ಕಾಪಾಡಿತ್ತು. ಬೆಟ್ಟವೂ ಅವಳಿಗೆ, ಅವ್ವನೂ ಅವಳಿಗೆ ಎಂದಾದರೆ ನನ್ನ ಪಾಲಿಗೆ ಉಳಿಯುವುದು ಚಿಮಣಿ ಒಂದೇ. ಅವ್ವನಿಗೆ ಹೇಳಿದೆ, ಹೋಗಬೇಡ ಎನ್ನುವಂಥ ದನಿಯಲ್ಲೇ ಹೇಳಿದೆ. ಅವಳು ಸರೂನ ಮನೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದಳು. ಸರೂ ಅಂದರೆ ನಾನು, ಸರೋಜಾ. ಆ ದಿನವಿಡೀ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಶಿವರಾತ್ರಿ ಮುಗಿದಿತ್ತು, ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಡುವೆಯೇ ನಿಂತುಹೋಯಿತು. ನಮ್ಮ ಕಡೆ ಆ ಸಪ್ಪಳ ಶುರುವಾದರೆ ರೊಟ್ಟಿ ಆಗುವ ತನಕ ನಿಲ್ಲುವುದಿಲ್ಲ. ನಿಂತರೆ ರೊಟ್ಟಿ ಹರಿಯುತ್ತದೆ. ಹೋಗಿ ನೋಡಿದೆ. ಅವ್ವ ಅರ್ಧ ಬಡಿದ ರೊಟ್ಟಿಯ ಮೇಲೆ ಎರಡೂ ಕೈ ಊರಿ ತಲೆ ಬಗ್ಗಿಸಿ ಕುಳಿತಿದ್ದಳು. ಎದೆಯ ಸೀಟಿ ಬಾಗಿಲಿಗೇ ಕೇಳುತ್ತಿತ್ತು. ಉಸಿರು ಸಿಗುವ ತನಕ ಕಾದು, ನನ್ನ ಕಡೆ ನೋಡದೆಯೇ, ಹಿಟ್ಟು ಸರಿಯಿಲ್ಲ ಎಂದಳು. ಅವ್ವ ಹಿಟ್ಟಿನ ಮೇಲೆ ದೂರು ಹಾಕಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವತ್ತು ಸಂಜೆ ನಮ್ಮ ಮನೆಯವರಿಗೆ ಡೆಹ್ರಾಡೂನಿಗೆ ಟಿಕೆಟ್ ಮಾಡಿಸಲು ಹೇಳಿದೆ. ಹೋಗಲು ಎರಡು, ಬರಲೂ ಎರಡು. ಬರುವ ಆ ಎರಡನೆಯ ಟಿಕೆಟ್ಟೇ ನನ್ನ ಧೈರ್ಯ.

ಶಾಲೆಗೆ ಸೂಟಿ ಸಿಕ್ಕ ಕೂಡಲೇ ಹೊರಟೆವು. ಹೊರಡುವ ಮೊದಲು ಅವ್ವ ಸನ್ನತಿಗೆ ಹೋಗಿ ಚಂದ್ರಲಾಂಬೆಗೆ ಕೈಮುಗಿದು ಬಂದಳು. ಸುವರ್ಣಾ ಒಂದೇ ಒಂದು ವಸ್ತು ತರಲು ಹೇಳಿದ್ದಳು: ರೊಟ್ಟಿ ಬಡಿಯಲು ಒಂದು ಶಹಾಬಾದಿ ಫರ್ಸಿ, ನಮ್ಮ ಕಡೆಯ ಹಾಸುಗಲ್ಲು. ಅಲ್ಲಿಯ ಅಡುಗೆಕಟ್ಟೆ ನುಣುಪಂತೆ, ರೊಟ್ಟಿ ತಿರುಗುವುದಿಲ್ಲವಂತೆ. ಶಹಾಬಾದಿನಿಂದ ಒಂದು ಮೊಳ ಅಗಲದ ತುಂಡು ತರಿಸಿ, ಗೋಣಿತಟ್ಟಿನಲ್ಲಿ ಸುತ್ತಿ, ಹಗ್ಗ ಬಿಗಿದು ಗಾಡಿ ಹತ್ತಿಸಿದೆವು. ದಿಲ್ಲಿಯಲ್ಲಿ ಗಾಡಿ ಬದಲಿಸುವಾಗ ಅದನ್ನು ಹೊತ್ತವಳು ನಾನು. ಬೆಟ್ಟಗಳೆಲ್ಲ ಕಲ್ಲೇ ಆಗಿರುವ ಊರಿಗೆ ವಾಡಿಯಿಂದ ಕಲ್ಲು ಹೊತ್ತುಕೊಂಡು ಹೋದ ಮೊದಲ ಹೆಂಗಸು ನಾನೇ ಇರಬೇಕು. ತಂಗಿಯ ಸುಖಕ್ಕೆ ಇನ್ನೂ ಒಂದು ಕಲ್ಲಿನ ಭಾರ ಕೂಡಿಸುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಡೆಹ್ರಾಡೂನ್ ಸ್ಟೇಷನ್ನಿನಲ್ಲಿ ಇಳಿದಾಗ ನನಗೆ ಖುಷಿಯಾಯಿತು. ಹೊರಗೆ ಹೊಗೆ, ಹಾರ್ನು, ನೂಕುನುಗ್ಗಲು. ಕರೆದೊಯ್ಯಲು ಬಂದಿದ್ದ ಸುವರ್ಣಾಗೆ, ಇದೇನಾ ನಿನ್ನ ಊರು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಟೊ ಊರು ದಾಟಿ ಏರು ಹಿಡಿಯಿತು, ಗಾಳಿ ಬದಲಾಯಿತು, ಬಾಯಿ ಮುಚ್ಚಿಕೊಂಡೆ. ಸುವರ್ಣಾಳ ಬಾಡಿಗೆ ಮನೆ ಊರಿನ ಮೇಲ್ತುದಿಯಲ್ಲಿತ್ತು. ಅಂಗಳದಲ್ಲಿ ದಟ್ಟ ಎಲೆಯ ಲೀಚಿ ಮರ, ಅದರ ತುಂಬ ಹಸಿರು ಕಾಯಿ. ಎದುರಿಗೆ ಬೆಟ್ಟ. ಅದರ ಹಿಂದೆ ಇನ್ನೊಂದು, ಅದರ ಹಿಂದೆ ನೀಲಿಯಾಗಿ ಮತ್ತೊಂದು. ಕತ್ತಲಾದ ಮೇಲೆ ದೂರದ ಬೆಟ್ಟದ ನೆತ್ತಿಯಲ್ಲಿ ಮಸ್ಸೂರಿಯ ದೀಪಗಳು ಕಾಣುತ್ತವೆ ಎಂದು ಅವಳು ಫೋನಿನಲ್ಲಿ ಹೇಳಿರಲಿಲ್ಲ. ಹೇಳದೆ ಉಳಿಸಿದ್ದನ್ನು ನೋಡಿ ಇನ್ನಷ್ಟು ಉರಿಯಿತು. ತಪ್ಪು ಹುಡುಕಲು ಮನೆಯೆಲ್ಲ ತಿರುಗಿದೆ. ಪಡಸಾಲೆಯಲ್ಲಿ ಫ್ಯಾನು ಕಂಡಿತು. ಇಲ್ಲೂ ಫ್ಯಾನು ಬೇಕೇನು ಎಂದು ಕೇಳಿದೆ. ಮಧ್ಯಾಹ್ನ ಬೇಕಾಗುತ್ತದೆ ಎಂದು ಒಪ್ಪಿಕೊಂಡಳು. ಆ ಒಂದು ಫ್ಯಾನು ನನಗೆ ಮೂರು ದಿನದ ಸಮಾಧಾನ ಕೊಟ್ಟಿತು.

ಆಮೇಲೆ ನಡೆದದ್ದು ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ವಾಡಿಯಲ್ಲಿ ಬೇಸಗೆಯ ಸಂಜೆ ಅವ್ವನಿಗೆ ಒಂದು ಕೆಲಸವಿತ್ತು. ನೆಲ ಗುಡಿಸಿ ಫರ್ಸಿಯ ಮೇಲೆ ಕೊಡದಿಂದ ನೀರು ಚೆಲ್ಲುವುದು. ದಿನವಿಡೀ ಕಾದ ಶಹಾಬಾದಿ ಕಲ್ಲು ಆ ನೀರನ್ನು ಸುಮ್ಮನೆ ಕುಡಿದುಬಿಡುತ್ತದೆ. ಆಮೇಲೆ ಚಾಪೆಯೂ ಬೇಡ, ಬರೀ ನೆಲಕ್ಕೆ ಬೆನ್ನು ಹಚ್ಚಿದರೆ ಮೈಯೆಲ್ಲ ತಂಪು. ಡೆಹ್ರಾಡೂನಿನಲ್ಲೂ ಒಂದು ಮಧ್ಯಾಹ್ನ ಸೆಕೆಯಾಯಿತು. ನಾನು, ಸುವರ್ಣಾ ಸಂತೆಗೆ ಹೋಗಿದ್ದೆವು. ಅವ್ವ ಎಂದಿನಂತೆ ಪಡಸಾಲೆ ಗುಡಿಸಿ, ಕೊಡದ ತುಂಬ ನೀರು ತಂದು ಚೆಲ್ಲಿ, ನೆಲ ಕುಡಿಯಲಿ ಎಂದು ಹೊರಗೆ ಮರದ ಕೆಳಗೆ ಕುಳಿತಳು. ಅದು ಟೈಲ್ಸ್. ಕುಡಿಯಲಿಲ್ಲ. ಡ್ಯೂಟಿ ಮುಗಿಸಿ ಬಂದ ಶಿವಶರಣಪ್ಪ ಬಾಗಿಲು ದಾಟಿ ಒಂದು ಹೆಜ್ಜೆ ಇಟ್ಟವನು ಗೋಡೆಯ ತನಕ ಜಾರಿಕೊಂಡು ಹೋದ.

ಪಾದದ ಮೂಳೆಗೆ ಸಣ್ಣ ಬಿರುಕು. ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಮಂಚದ ಮೇಲೆ ಕುಳಿತ ಅಳಿಯನ ಮುಂದೆ ಅವ್ವ ಸೆರಗು ಹೊದ್ದು ಬಹಳ ಹೊತ್ತು ನಿಂತಿದ್ದಳು. ಅವನು, “ಹೋಗ್ಲಿ ಬಿಡ್ರಿ ಅತ್ತಿ, ನಂದೇ ಕಣ್ಣು ಎಲ್ಲೋ ಇತ್ತು” ಎಂದ. ಅವ್ವ ನೆಲದ ಕಡೆ ನೋಡಿದಳು. “ಇದೆಂಥಾ ಫರ್ಸಿನೋ ಯಪ್ಪಾ, ನೀರ ಕುಡಿಯಂಗಿಲ್ಲ” ಎಂದಳು. ನನಗೆ ಒಳಗೊಳಗೇ ನಗು. ಅಷ್ಟೊಂದು ಕಾರಣಗಳ ಊರು ಕೊನೆಗೂ ನಮ್ಮ ಶಹಾಬಾದಿನ ಮುಂದೆ ಸೋತಿತ್ತು.

ನಗು ಎರಡು ದಿನ ಉಳಿಯಲಿಲ್ಲ. ಗಂಡ ಮಂಚದ ಮೇಲೆ, ಮಗಳನ್ನು ಶಾಲೆಗೆ ಬಿಟ್ಟು ತರಬೇಕು, ತಾನೊಬ್ಬಳೇ, ಇವರ ಕಾಲು ಸರಿಹೋಗುವ ತನಕ ಅವ್ವ ಇರಲಿ ಎಂದು ಸುವರ್ಣಾ ಕೇಳಿದಳು. ನಾನು ಅವ್ವನ ಟಿಕೆಟ್ ಆಗಿದೆ ಎಂದೆ. ಅವಳು ಟಿಕೆಟ್ ರದ್ದು ಮಾಡಬಹುದು ಎಂದಳು. ಒಗೆದ ಬಟ್ಟೆ ಹಿಂಡುತ್ತ ಇಬ್ಬರೂ ಮಾತು ಬೆಳೆಸಿದೆವು. ಚಿಕ್ಕಂದಿನಿಂದ ನಿನಗೆ ಕೇಳಿದ್ದೆಲ್ಲ ಸಿಕ್ಕಿದೆ, ಇದೊಂದನ್ನು ಕೇಳಬೇಡ ಎಂದೆ. ಸುವರ್ಣಾ ಹಿಂಡುವುದನ್ನು ನಿಲ್ಲಿಸಿದಳು.

“ನನಗ ಗುಡ್ಡ ಸಿಕ್ಕದ ಅಂತ ನಿನಗ ಕಾಣತದ ಯಕ್ಕಾ. ಇಲ್ಲಿ ಕನ್ನಡದಾಗ ಒಂದ್ ಮಾತಾಡಲಿಕ್ಕಿ ನನಗ ಯಾರ ಅದಾರ? ದಿನಾ ನಿನಗ ಯಾಕ ಫೋನ್ ಹಚ್ಚತಿದ್ದೆ ಅಂತ ಮಾಡಿ?” ಎಂದಳು.

ಅದನ್ನು ಕೇಳಿ ನಾನು ಕರಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕನ್ನಡ ಬೇಕಾದರೆ ವಾಡಿಯಲ್ಲೇ ಇರಬೇಕಿತ್ತು ಎಂದುಕೊಂಡು ಬಟ್ಟೆ ಒಣಹಾಕಿದೆ. ಬಿಳಿ ಬಟ್ಟೆ ಬಿಳಿಯಾಗಿಯೇ ಒಣಗಿತು.

ಮಾರನೆಯ ದಿನ ಬೆಳಿಗ್ಗೆ ಅವ್ವ ನನ್ನನ್ನು ಗುಡ್ಡದ ಮೇಲಿನ ದೇವಿಯ ಗುಡಿಗೆ ಕರೆದಳು. ತಾನು ಆಗಲೇ ಎರಡು ಸಲ ಹೋಗಿ ಬಂದಿದ್ದಳಂತೆ. “ನಮ್ಮ ಸನ್ನತಿ ಅವ್ವನ ತಂಗಿ ಇದ್ದಂಗ ಅದಾಳ” ಎಂದಳು. ದೇವರಲ್ಲೂ ತಂಗಿಗೇ ಬೆಟ್ಟದ ಮೇಲಿನ ಮನೆ. ದಾರಿ ಕಡಿದಾಗಿತ್ತು. ಅವ್ವ ತೆಂಗಿನಕಾಯಿಯ ಚೀಲ ಹಿಡಿದು ಮುಂದೆ, ನಾನು ಹಿಂದೆ. ಕಾಗಿಣಾ ನದಿಗೆ ಹೋಗುವಾಗಿನ ಹಾಗೆಯೇ. ಸ್ವಲ್ಪ ದೂರಕ್ಕೆ ನನಗೆ ಉಬ್ಬಸ ಬಂತು, ಬಂಡೆಗೆ ಒರಗಿ ನಿಂತೆ. ಅವ್ವ ಮೇಲಿನ ತಿರುವಿನಲ್ಲಿ ನಿಂತು, “ಯಾಕ ನಿಂತಿ?” ಎಂದು ಕೇಳುತ್ತಲೇ ಇಳಿದು ಬಂದು ಪಕ್ಕದಲ್ಲಿ ನಿಂತಳು.

ಅಭ್ಯಾಸಬಲದಿಂದ ನಾನು ಕಿವಿ ಕೊಟ್ಟೆ. ಅವ್ವನ ಎದೆಯಿಂದ ಯಾವ ಸಪ್ಪಳವೂ ಬರಲಿಲ್ಲ. ಅಷ್ಟು ವರ್ಷ ನಾನು ಕೇಳುತ್ತ ಬಂದ ಸೀಟಿ ನಿಂತುಹೋಗಿತ್ತು. ಮುಖಕ್ಕೆ ಬಣ್ಣ ಬಂದಿತ್ತು. ಅವಳು ಉಸಿರಾಡುತ್ತಿದ್ದಾಳೆ ಎಂಬುದು ಸೆರಗು ಏರಿಳಿಯುವುದನ್ನು ನೋಡಿದರಷ್ಟೇ ಗೊತ್ತಾಗುತ್ತಿತ್ತು. ಸಂತೋಷವಾಯಿತು, ಖಂಡಿತ ಆಯಿತು. ಆದರೆ ಅದರ ಬೆನ್ನಿಗೇ ಬಂದ ಸಂಕಟವನ್ನು ನಾನು ಅದಕ್ಕೆ ಮೊದಲು ಪಟ್ಟಿರಲಿಲ್ಲ, ಆಮೇಲೂ ಪಟ್ಟಿಲ್ಲ. ನಾನು ಕಾಯಿಸಿ ಕೊಟ್ಟ ಕಷಾಯ, ಹಿಡಿಸಿದ ಹಬೆ, ತಿಕ್ಕಿದ ಎಣ್ಣೆ, ಹಾಕಿದ ರಜೆ, ಎಲ್ಲ ಸೇರಿ ಮಾಡಲಾರದ್ದನ್ನು ಈ ಊರು ಸುಮ್ಮನೆ ಕುಳಿತಲ್ಲೇ ಮಾಡಿಬಿಟ್ಟಿತ್ತು. ಗುಡಿಯಲ್ಲಿ ಕೈಮುಗಿದು, ಕಾಯಿ ಒಡೆಸಿಕೊಂಡು ಇಳಿದು ಬಂದೆವು.

ಹೊರಡುವ ದಿನ ಅವ್ವ ತನ್ನ ಚೀಲ ಕಟ್ಟಿಕೊಂಡು, ಸ್ನಾನ ಮಾಡಿ, ಲೀಚಿ ಮರದ ಕೆಳಗೆ ನನಗಿಂತ ಮೊದಲೇ ಸಿದ್ಧಳಾಗಿ ಕುಳಿತಿದ್ದಳು. ಇರುತ್ತೇನೆ ಎಂದೂ ಹೇಳಲಿಲ್ಲ, ಬರುತ್ತೇನೆ ಎಂದೂ ಹೇಳಲಿಲ್ಲ. ಸುವರ್ಣಾ ಬಾಗಿಲಲ್ಲಿ ನಿಂತಿದ್ದಳು. ನಾನು ಬಾ ಎಂದಿದ್ದರೆ ಅವ್ವ ಬಂದುಬಿಡುತ್ತಿದ್ದಳು, ವಾಡಿಯ ಧೂಳಿಗೆ, ನಡುವೆ ನಿಂತುಹೋಗುವ ರೊಟ್ಟಿಗೆ. ಅದು ನನಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು. ಆಟೊದವನು ಹಾರ್ನು ಹೊಡೆದ. ನಾನು ಮೇಲೆ ನೋಡಿದೆ.

“ಅವ್ವಾ, ಈ ಲೀಚಿ ಹಣ್ಣಾಗೋ ತನಕ ಇದ್ದು ಬಾ” ಎಂದೆ.

ಅವ್ವ ಹಸಿರು ಕಾಯಿಗಳ ಕಡೆ ನೋಡಿ, “ಯಾವಾಗ ಆಗ್ತಾವು?” ಎಂದಳು.

“ಮಿರಗದ ಮಳಿ ಬರೋದ್ರಾಗ.”

“ಹಂಗಾದ್ರ ಇರ್ತೀನಿ” ಎಂದಳು. ಚೀಲವನ್ನು ಒಳಗೆ ಒಯ್ಯಲು ಸುವರ್ಣಾ ಬರುವಷ್ಟರಲ್ಲಿ ನಾನು ಆಟೊ ಹತ್ತಿದ್ದೆ. ರೈಲಿನಲ್ಲಿ ಅವ್ವನ ಬರ್ತಿನ ಮೇಲೆ ನನ್ನ ಚೀಲ ಇಟ್ಟು ಜಾಗ ಹಿಡಿದಿದ್ದೆ. ಟಿಸಿ ಬಂದು ಅದನ್ನು ಭರ್ಜರಿ ಮೀಸೆಯ ಒಬ್ಬನಿಗೆ ಕೊಟ್ಟ. ಅವನು ದಿಲ್ಲಿಯ ತನಕ ಗೊರಕೆ ಹೊಡೆದ.

ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಹೂಡುವ ಹೊತ್ತಿಗೆ ವಾಡಿಯಲ್ಲಿ ಮೊದಲ ಮಳೆ ಬಿದ್ದು ಚಿಮಣಿಯ ಸುತ್ತ ಧೂಳು ತಣ್ಣಗಾಗಿತ್ತು. ಶಿವಶರಣಪ್ಪನ ಪರಿಚಯದವರೊಬ್ಬರ ಕೈಯಲ್ಲಿ ಲೀಚಿಯ ಡಬ್ಬ ಬಂತು. ಪ್ಲಾಟ್‌ಫಾರ್ಮಿನಲ್ಲೇ ಹಗ್ಗ ಬಿಚ್ಚಿದೆ. ದಿಲ್ಲಿಯ ಬಿಸಿಲು, ಗಾಡಿಯ ಕಾವು, ಎಲ್ಲ ಸೇರಿ ಹಣ್ಣು ಕೊಳೆತು ಹೆಂಡದ ವಾಸನೆ ಹೊಡೆಯುತ್ತಿತ್ತು. ನನಗೆ ಎಷ್ಟು ಹಿತವಾಯಿತು ಎಂದರೆ ಬೆಂಚಿನ ಮೇಲೆ ಕುಳಿತುಬಿಟ್ಟೆ. ನಿನ್ನ ಊರಿನ ಹಣ್ಣು ನಮ್ಮ ಊರಿಗೆ ಬಂದರೆ ಇಷ್ಟೇ ಎಂದು ಸುವರ್ಣಾಗೆ ಹೇಳಲು ಫೋನನ್ನೂ ತೆಗೆದೆ. ಆಗ ಹಣ್ಣಿನ ಕೆಳಗೆ ಮೆತ್ತಗೆ ಹಾಸಿದ್ದ ಬಟ್ಟೆ ಕಂಡಿತು. ಅವ್ವನ ಹಳೆಯ ಇಳಕಲ್ ಸೀರೆಯ ತುಂಡು, ನನ್ನ ಮನೆಯಿಂದಲೇ ಹೋದದ್ದು. ಹಣ್ಣು ಚೆಲ್ಲಿ ಬಟ್ಟೆಯನ್ನು ಮನೆಗೆ ತಂದು ಒಗೆದೆ. ಕಲೆ ಹೋಗಲಿಲ್ಲ.

ಅವತ್ತು ಅವ್ವನೇ ಫೋನ್ ಮಾಡಿ ಹಣ್ಣು ಹೇಗಿದ್ದವು ಎಂದು ಕೇಳಿದಳು. ಭಾಳ ಸಿಹಿ ಎಂದೆ. ಹಣ್ಣಾಯಿತಲ್ಲ, ಇನ್ನು ಯಾವಾಗ ಬರುತ್ತೀ ಎಂದೂ ಕೇಳಿದೆ. “ಇಲ್ಲಿ ಮಳಿ ಹಿಡದದ. ಮಳಿ ನಿಂದ್ರಲಿ” ಎಂದಳು. ಮಳೆ ನಿಂತ ಮೇಲೆ ದಸರೆ ಮುಗಿಯಲಿ ಎಂದಳು. ಕಾರಣ ಹೇಳುವುದನ್ನು ಅವ್ವ ಸುವರ್ಣಾಳಿಂದ ಕಲಿತಳು. ಆಮೇಲೆ ಎರಡು ಸಲ ಬಂದು ಹೋಗಿದ್ದಾಳೆ, ದಂಡೋತಿ, ಸನ್ನತಿ ನೋಡಿಕೊಂಡು. ಎರಡೂ ಸಲ ವಾರ ಕಳೆಯುವುದರೊಳಗೆ ಎದೆಯಲ್ಲಿ ಸೀಟಿ ಶುರುವಾಗಿ, ನಾನೇ ಹೋಗಿ ಗಾಡಿ ಹತ್ತಿಸಿ ಬಂದಿದ್ದೇನೆ. ಯಾವ ಊರಿನ ಮೇಲೆ ನನಗೆ ಹೊಟ್ಟೆಕಿಚ್ಚೋ ಅದೇ ಊರಿಗೆ ನನ್ನ ಕೈಯಾರೆ.

ಮೊನ್ನೆ ಆ ಹಣ್ಣಿನ ಗಾಡಿಯಿಂದ ಒಂದು ಗೊಂಚಲು ಲೀಚಿ ತೆಗೆದುಕೊಂಡು ಮನೆಗೆ ಬಂದೆ. ಈಗ ನಾವು ಸೇಡಮ್ಮಿನಲ್ಲಿದ್ದೇವೆ. ಇಲ್ಲಿಯ ಕಿಟಕಿಗೂ ಒಂದು ಚಿಮಣಿಯಿದೆ. ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಫೋನ್ ಮಾಡಿದೆ. ಸೇಡಮ್ಮಿಗೂ ಲೀಚಿ ಬಂದಿವೆ, ಇನ್ನು ನಿಮ್ಮ ಊರಿನ ದೊಡ್ಡಸ್ತಿಕೆ ಮುಗಿಯಿತು ಎಂದು ನಗುತ್ತ ಹೇಳುವಾಗ ಕೆಮ್ಮು ಬಂತು. ಕೆಮ್ಮಿ ಮತ್ತೆ ಮಾತು ಮುಂದುವರಿಸಿದೆ. ಅವ್ವ ನಡುವೆ ತಡೆದಳು.

“ಸರೂ, ಫೋನ್ ಬಾಯಿಗಿ ಸಮೀಪ ಹಿಡಿ. ಮಾತಾಡಬ್ಯಾಡ. ಉಸುರು ಬಿಡು.”

ಬಿಟ್ಟೆ.

“ಯಾವಾಗಿಂದ ಅದ ಇದು?”

ಏನೂ ಇಲ್ಲ, ಬೋರ್ಡಿನ ಸೀಮೆಸುಣ್ಣದ ಪುಡಿ ಎಂದೆ.

“ಆ ಸಪ್ಪಳ ನನ್ನ ಎದಿಯಾಗ ಸಾಕೀನಿ ನಾ. ನನಗ ಹೇಳಲಿಕ್ಕಿ ಬರಬ್ಯಾಡ. ನೀನೂ ಇಲ್ಲಿಗಿ ಬಾ” ಎಂದಳು.

ಅಷ್ಟು ವರ್ಷ ಸುವರ್ಣಾ ಹೇಳಿದ ಕಾರಣಗಳಿಗೆಲ್ಲ ನನ್ನ ಹತ್ತಿರ ಉತ್ತರವಿತ್ತು. ಅವ್ವ ಹೇಳಿದ್ದು ಕಾರಣವಲ್ಲ, ಅವಳು ನನ್ನ ಉಸಿರನ್ನೇ ಕೇಳಿದ್ದಳು. ಒಂದು ಮಾತು ಹೇಳಲೇಬೇಕು. ಅವತ್ತು ಬೆಳಿಗ್ಗೆ ಇದೇ ಎದೆಯಿಂದ ಸುವರ್ಣಾಳ ಜೊತೆ ಬಹಳ ಹೊತ್ತು ಮಾತಾಡಿದ್ದೆ, ಇದೇ ಕೆಮ್ಮು ಕೆಮ್ಮಿದ್ದೆ. ಅವಳಿಗೆ ಏನೂ ಕೇಳಿಸಿರಲಿಲ್ಲ. ಎರಡು ದಿನದ ಗಾಡಿಯ ದೂರದಿಂದ, ಹಾಳು ನೆಟ್‌ವರ್ಕಿನಲ್ಲಿ, ಅವ್ವನಿಗೆ ಕೇಳಿಸಿತ್ತು. ಬೆಟ್ಟ, ನೀರು, ಕಿಟಕಿ ಎಲ್ಲ ತಂಗಿ ಇಟ್ಟುಕೊಳ್ಳಲಿ.

ಯಾವಾಗ ಬರುತ್ತೀ ಎಂದು ಅವ್ವ ಮತ್ತೆ ಕೇಳಿದಳು. ಶಾಲೆಗೆ ಸೂಟಿ ಆಗಲಿ ಎಂದೆ. ನನಗೇ ನಗು ಬಂತು, ನಾನೂ ಕಾರಣ ಹೇಳುವವಳಾಗಿದ್ದೆ. ಅವ್ವ ನಗಲಿಲ್ಲ, ಫೋನನ್ನೂ ಇಡಲಿಲ್ಲ.

“ಇನ್ನೊಮ್ಮೆ ಉಸುರು ಬಿಡು” ಎಂದಳು.

ಬಿಟ್ಟೆ.